ಸಮಾಧಿಗಳಲ್ಲಿ ದೊರೆತ ರೋಮನ್ ನಾಣ್ಯಾಭರಣಗಳು

ನಾಣ್ಯಗಳನ್ನು ಪೋಣಿಸಿ ಕೊರಳಲ್ಲಿ ಧರಿಸುವ ರೂಢಿ ಕನ್ನಡಿಗರಿಗೆ ಹೊಸತಲ್ಲ. ಕಾಸಿನ ಸರವು ಇಂದಿಗೂ ಅನೇಕ ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಸಲ್ಲುವ ಒಡವೆಯಾಗಿದೆ. ಇದನ್ನು ಹೋಲುವ ಆಭರಣವೊಂದು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಓರ್ವ ಮಹಿಳೆಯೊಡನೆ ಮಣ್ಣು ಸೇರಿತ್ತು. ನಾರ್ಥಾಂಪ್ಟನ್‌ಶೈರ್ ಪ್ರಾಂತದ ಹಾರ್ಪೋಲ್ ಗ್ರಾಮದ ಬಳಿ, ಮನೆಗಳ ನಿರ್ಮಾಣಕ್ಕೆ ಮುನ್ನ 2022ರ ಏಪ್ರಿಲ್‌ನಲ್ಲಿ ನಡೆದ ಉತ್ಖನನದಲ್ಲಿ ಅದು ಬೆಳಕಿಗೆ ಬಂದಿತು. ರೋಮನ್ ನಾಣ್ಯ, ಚಿನ್ನ, ಗಾರ್ನೆಟ್, ಗಾಜು ಹಾಗೂ ಅರೆಬೆಲೆಯ ಕಲ್ಲುಗಳಿಂದಾದ 30 ಪದಕ ಮತ್ತು ಮಣಿಗಳು ಆ ಹಾರದಲ್ಲಿದ್ದವು. ಧರಿಸಿದಾಕೆಯ ಅಸ್ಥಿಗಳು ಕರಗಿಹೋಗಿದ್ದು, ಹಲ್ಲಿನ ಹೊರಕವಚದ ಚೂರುಗಳಷ್ಟೇ ಉಳಿದಿದ್ದವು.

ಈ ಸಮಾಧಿಯ ಕಾಲ ಕ್ರಿ.ಶ. 630ರಿಂದ 670ರ ನಡುವಿನದು. ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆಯಾದರೋ ಸುಮಾರು 410ರಲ್ಲೇ ಕೊನೆಗೊಂಡಿತ್ತು. ಆದುದರಿಂದ ಚಕ್ರವರ್ತಿಯ ಮುಖಮುದ್ರೆಯನ್ನು ಕಂಡೊಡನೆ ಸಮಾಧಿಯನ್ನೂ ಆತನ ಕಾಲಕ್ಕೆ ಸೇರಿಸುವುದು ಸರಿಯಾಗದು. ನಾಣ್ಯ ಅಚ್ಚಾದುದಕ್ಕಿಂತ ಮೊದಲು ಆ ಸಮಾಧಿ ಮುಚ್ಚಿರಲಾರದು ಎಂಬಷ್ಟೇ ಅದರಿಂದ ಸಿದ್ಧವಾಗುತ್ತದೆ.

ಆಂಗ್ಲೋ-ಸ್ಯಾಕ್ಸನ್ ಕಾಲದ ಸ್ತ್ರೀಯರ ಮತ್ತು ಮಕ್ಕಳ ಸಮಾಧಿಗಳಲ್ಲಿ ರಂಧ್ರ ಕೊರೆದ ಹಳೆಯ ರೋಮನ್ ತಾಮ್ರ ಮತ್ತು ಕಂಚಿನ ನಾಣ್ಯಗಳೂ ದೊರೆತಿವೆ. ಲೋಹದ ದೃಷ್ಟಿಯಿಂದ ಇವುಗಳಿಗೆ ಹೇಳಿಕೊಳ್ಳುವಂಥ ಬೆಲೆಯಿರಲಿಲ್ಲ. ತಾಯಿತವೆಂದು ಕಟ್ಟಿಕೊಂಡರೋ, ಗತವೈಭವದ ಕುರುಹೆಂದೋ, ಬರಿಯ ಅಂದಕ್ಕೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಇಲ್ಲಿ ರಂಧ್ರವೇ ಒಂದು ಸಾಕ್ಷ್ಯ. ಅದು ಮುಖಮುದ್ರೆಯ ನೆತ್ತಿಯ ಮೇಲಿದ್ದರೆ, ಧರಿಸಿದಾಗ ಮುಖ ನೆಟ್ಟಗೆ ಕಾಣುತ್ತದೆ. ಚಿತ್ರವನ್ನು ಲೆಕ್ಕಿಸದೆ ಎಲ್ಲೋ ಕೊರೆದಿದ್ದರೆ, ಧರಿಸಿದವರಿಗೆ ಆ ಚಿತ್ರ ಮುಖ್ಯವಾಗಿರಲಿಲ್ಲವೆಂದು ಊಹಿಸಬಹುದು. ರಂಧ್ರವನ್ನು ಬಿಟ್ಟು ನಾಣ್ಯವನ್ನಷ್ಟೇ ಓದುವುದು ಅರ್ಧ ಓದು.

ದಖ್ಖಣದ ಕಥೆ ತುಸು ಬೇರೆ. ಇಲ್ಲಿಗೆ ರೋಮನ್ ಹಣ ಬಂದುದು ಆಳ್ವಿಕೆಯಿಂದಲ್ಲ, ವ್ಯಾಪಾರದಿಂದ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ದೊರೆಯಿತು. ಅದು ಜನವಸತಿಯ ನೆಲೆಯೇ ಹೊರತು ಸಮಾಧಿಯಲ್ಲ. ದಕ್ಷಿಣ ಭಾರತದ ನಿಧಿಗಳಲ್ಲಿ ದೊರೆತ ಕೆಲವು ರೋಮನ್ ಚಿನ್ನದ ನಾಣ್ಯಗಳಿಗೂ ರಂಧ್ರ ಅಥವಾ ಕೊಂಡಿ ಇದೆ. ತೆಲಂಗಾಣದ ಕೊಂಡಾಪುರದಲ್ಲಂತೂ ಟೈಬೀರಿಯಸ್‌ನ ನಾಣ್ಯವನ್ನು ಅನುಕರಿಸಿ ಜೇಡಿಮಣ್ಣಿನಲ್ಲಿ ಮಾಡಿದ, ಕೊಂಡಿಯುಳ್ಳ ಪದಕಗಳು ಸಿಕ್ಕಿವೆ. ಚಿನ್ನ ಕೈಗೆಟುಕದವರೂ ಆ ಬೆಡಗನ್ನು ಬಿಡಲೊಲ್ಲದೆ ಹೋದರೆಂದು ತೋರುತ್ತದೆ!

ಇಂಥ ವಸ್ತುಗಳನ್ನು ಕಂಡವರು ಅಗೆದು ಬಿಡಿಬಿಡಿಯಾಗಿ ಮಾರಿದರೆ ಉಳಿಯುವುದು ತೂಕದ ಬೆಲೆ ಮಾತ್ರ. ಯಾರ ಕೊರಳಲ್ಲಿತ್ತು, ಯಾವ ಮಣಿಯ ಪಕ್ಕ ಯಾವುದಿತ್ತು ಎಂಬ ವಿವರ ಮರಳಿ ಬಾರದು. 1878ರ ಭಾರತೀಯ ನಿಧಿ ಅಧಿನಿಯಮವು ನೆಲದಲ್ಲಿ ಹುದುಗಿದ, 10 ರೂಪಾಯಿಗೆ ಮೀರಿದ ಮೌಲ್ಯದ ನಿಧಿ ದೊರೆತಾಗ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಹಾರ್ಪೋಲ್‌ನಲ್ಲಿ ತಜ್ಞರು ಸಮಾಧಿಯ ಮಣ್ಣನ್ನು ಕೆದಕದೆ ಹೆಂಟೆಹೆಂಟೆಯಾಗಿ ಪ್ರಯೋಗಾಲಯಕ್ಕೆ ಸಾಗಿಸಿದರು. ಎಕ್ಸ್-ರೇ ಪರೀಕ್ಷೆಗೊಳಪಡಿಸಿದಾಗ, ಆ ಮಣ್ಣಿನೊಳಗೆ ಬೆಳ್ಳಿಯ ಪುಟ್ಟ ಮುಖಗಳನ್ನು ಕೂರಿಸಿದ ದೊಡ್ಡ ಶಿಲುಬೆಯೊಂದು ಕಾಣಿಸಿತು.