ಪರವೂರಿಗೆ ಹೊರಟ ಹಾಡು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಹಾಡುವುದಕ್ಕೆಂದೇ ಊರು ಬಿಟ್ಟು ಊರಿಗೆ ಹೋಗುವುದು ಹೊಸ ಸಂಗತಿಯೇನೂ ಅಲ್ಲ. ಮದುವೆಯ ಮನೆಯಿಂದ ಕರೆ ಬಂದರೆ ಸೋಬಾನೆಯ ಹೆಂಗಸರು ಸೆರಗು ಬಿಗಿದು ಹೊರಡುತ್ತಾರೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೂ ಆದಿಚುಂಚನಗಿರಿಯ ಜಾತ್ರೆಗೂ ನಡೆದು ಹೋಗುವವರಿಗೆ ಹಾಡೇ ದಾರಿಯ ಬುತ್ತಿ. ಇದೇ ದಾರಿಗಳಲ್ಲಿ ಹಬ್ಬದ ದಿನಗಳಂದು ಇನ್ನೊಂದು ಬಗೆಯ ಗಾಯಕರ ಗುಂಪೂ ಸಾಗುವುದುಂಟು. ಅದು ಚರ್ಚಿನ ಗಾನವೃಂದ.

ಪಟ್ಟಣದ ಚರ್ಚೊಂದರ ಗಾನವೃಂದವು ಹಳ್ಳಿಯ ಚರ್ಚಿನ ವಾರ್ಷಿಕ ಹಬ್ಬಕ್ಕೆ ಹೊರಡುವ ದಿನವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಮೈಸೂರಿನಲ್ಲಿ ಬೆಳಕು ಹರಿಯುವ ಮೊದಲೇ ಬಸ್ಸು ಸಿದ್ಧವಾಗಿರುತ್ತದೆ. ಹಾಡುವವರು ಇಪ್ಪತ್ತು ಮಂದಿಯಾದರೆ ಬಸ್ಸನ್ನೇರುವವರು ನಲವತ್ತು ಮಂದಿ. ಅಜ್ಜಿಯರು, ಅಳಿಯಂದಿರು, ಶಾಲೆಯ ಮಕ್ಕಳು, ಕಂಕುಳ ಕೂಸುಗಳು - ಎಲ್ಲರೂ ಉಂಟು. ಹಾರ್ಮೋನಿಯಂ ಹಳೆಯ ಕಂಬಳಿಯೊಳಗೆ ಬೆಚ್ಚಗೆ ಮಲಗಿದೆ. ತಬಲದ ಚೀಲ ಯಾರದೋ ಮಡಿಲಲ್ಲಿದೆ. ಚಿತ್ರಾನ್ನದ ಡಬ್ಬಿ ಎಲ್ಲಕ್ಕಿಂತ ಭದ್ರವಾದ ಸ್ಥಳದಲ್ಲಿದೆ. ಬಸ್ಸು ಊರ ಹೊರಗೆ ಬಂದೊಡನೆ ಮಕ್ಕಳು ಹಾಡತೊಡಗುತ್ತಾರೆ. "ಈಗಲೇ ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡಿ ಮಕ್ಕಳೇ" ಎಂದು ವೃಂದದ ಮುಖ್ಯಸ್ಥರು ಹಿಂತಿರುಗಿ ಗದರುತ್ತಾರೆ. ಆ ಮಾತು ಕಾವೇರಿಯ ಸೇತುವೆ ಬರುವವರೆಗೆ ಮಾತ್ರ ನಡೆಯುತ್ತದೆ.

ಗಾನವೃಂದವೆಂದರೆ ಒಟ್ಟಿಗೆ ಹಾಡುವ ಗುಂಪು ಎಂದಷ್ಟೇ ತಿಳಿದರೆ ಸಾಲದು. ಪಾಶ್ಚಾತ್ಯ ಕ್ರಮದಲ್ಲಿ ವೃಂದದ ದನಿಗಳನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಹೆಂಗಸರ ಏರುದನಿ ಸೊಪ್ರಾನೊ, ತಗ್ಗುದನಿ ಆಲ್ಟೊ. ಗಂಡಸರ ಏರುದನಿ ಟೆನರ್, ತಗ್ಗುದನಿ ಬಾಸ್. ಒಂದೇ ಗಳಿಗೆಯಲ್ಲಿ ನಾಲ್ಕು ಗುಂಪುಗಳು ನಾಲ್ಕು ಬೇರೆ ಸ್ವರಗಳನ್ನು ಹಿಡಿದರೂ ಅವು ಒಂದರೊಡನೊಂದು ಹೊಂದಿಕೊಳ್ಳಬೇಕು. ನಮ್ಮ ನಾಡಿನ ಸಂಗೀತದ ಕ್ರಮ ಬೇರೆ. ಇಲ್ಲಿ ಎಲ್ಲರೂ ಒಂದೇ ಶ್ರುತಿಯ ಆಶ್ರಯದಲ್ಲಿ ಒಂದೇ ಧಾಟಿಯನ್ನು ಹಿಡಿದು ನಡೆಯುತ್ತಾರೆ. ಕನ್ನಡದ ಕ್ರೈಸ್ತ ಗೀತೆಗಳಲ್ಲಿ ಎರಡು ಕ್ರಮಗಳೂ ಬಳಕೆಯಲ್ಲಿವೆ. ಯಾವ ಕ್ರಮದಲ್ಲಿ ಹಾಡಿದರೂ ಗಾಯಕನು ತನ್ನ ದನಿಗಿಂತ ಪಕ್ಕದವನ ದನಿಯನ್ನು ಹೆಚ್ಚು ಗಮನದಿಂದ ಕೇಳಬೇಕಾಗುತ್ತದೆ. ಒಳ್ಳೆಯ ಕಂಠವಿದ್ದೂ ಈ ಕಿವಿ ಇಲ್ಲದವರು ವೃಂದಕ್ಕೆ ಒದಗುವುದಿಲ್ಲ.

ಬಸ್ಸು ಶ್ರೀರಂಗಪಟ್ಟಣದ ದ್ವೀಪವನ್ನು ಸೇರುತ್ತದೆ. ಕೋಟೆಯ ಗೋಡೆಗಳನ್ನು ಕಂಡು ಮಕ್ಕಳು ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ಈ ಸೀಮೆಯಲ್ಲಿ ಕ್ರೈಸ್ತರ ಇತಿಹಾಸ ಹಳೆಯದು. ರಣಧೀರ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1649ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ಯೂಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಕನ್ನಡವನ್ನು ಕಲಿತರು. ಆ ಭಾಷೆಯ ವ್ಯಾಕರಣವೊಂದನ್ನೂ, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ಬರೆದರು. ಜನರ ಭಾಷೆಯನ್ನು ಅರಿಯದೆ ಜನರೊಡನೆ ಬಾಳಲಾಗದೆಂಬುದು ಅವರಿಗೆ ಮೊದಲೇ ಹೊಳೆದಿತ್ತು.

ಎಲ್ಲರೂ ಇಲ್ಲಿಗೆ ಸಂತೋಷದಿಂದ ಬಂದವರಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಮಡದಿಮಕ್ಕಳೊಡನೆ ಸೆರೆಯಾಗಿ, ಘಟ್ಟಗಳನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದು ಬಂದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ತೀರಿಕೊಂಡರು. ಉಳಿದವರಿಗೆ ಬಿಡುಗಡೆ ದೊರೆತುದು 1799ರಲ್ಲಿ. ಅದರ ಬಳಿಕ ಚದುರಿ ಹೋಗಿದ್ದ ಜನರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯಿ. ಅವರು ಈ ನಾಡಿನವರಂತೆಯೇ ಉಟ್ಟು ಉಂಡು ಬಾಳಿದರು. ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿ ದುಡಿದರು. 1823ರಲ್ಲಿ ತಾಯ್ನಾಡಿಗೆ ಮರಳಿದರು. ಗಂಜಾಮಿನ ಚರ್ಚಿನೊಡನೆ ಅವರ ಹೆಸರು ಇಂದಿಗೂ ಬೆಸೆದುಕೊಂಡಿದೆ. ಸಂಸಾರ ಸಮೇತ ಸೆರೆಯಾಳುಗಳು ಕಾಲೆಳೆದು ನಡೆದು ಸೇರಿದ ಊರಿಗೆ ಇಂದು ಸಂಸಾರ ಸಮೇತ ಗಾಯಕರು ಬಸ್ಸಿನಲ್ಲಿ ಬರುತ್ತಾರೆ.

ಹಳ್ಳಿಯ ಚರ್ಚಿನ ಮುಂದೆ ತೋರಣ ಕಟ್ಟಿದೆ, ತೇರಿಗೆ ಹೂವು ಮುಡಿಸುತ್ತಿದ್ದಾರೆ. ಸುತ್ತ ಕಬ್ಬಿನ ಗದ್ದೆ. ಪೂಜೆಗೆ ಇನ್ನೂ ಒಂದು ಗಂಟೆ ಸಮಯವಿದೆ. ಗಾನವೃಂದವು ತಾನು ಒಂದು ತಿಂಗಳಿಂದ ಕಲಿತ ಹಾಡನ್ನು ಒಮ್ಮೆ ಹಾಡಿ ನೋಡುತ್ತದೆ. ಬಾಗಿಲ ಬಳಿ ನೆಲ ಗುಡಿಸುತ್ತಿದ್ದ ಹೆಂಗಸರು ಪೊರಕೆ ನಿಲ್ಲಿಸಿ ಕೇಳುತ್ತಾರೆ. ಅದು ಅವರಿಗೆ ಗೊತ್ತಿರುವ ಹಾಡೇ. ಮಾತು ಅದೇ, ಧಾಟಿ ಮಾತ್ರ ಬೇರೆ. ಅಲ್ಲಿನ ಹಿರಿಯಳೊಬ್ಬಳನ್ನು ಮುಖ್ಯಸ್ಥರು ವಿಚಾರಿಸುತ್ತಾರೆ:

"ಅವ್ವಾ, ಈ ಹಾಡನ್ನು ನೀವು ಹೇಗೆ ಹೇಳುತ್ತೀರಿ?"

"ನಮ್ಮತ್ತೆ ಕಾಲ್ದಿಂದ್ಲೂ ಬೇರೆ ತರಾನೇ ಹಾಡ್ತಿರಾದು ಕಣಪ್ಪ. ನಿಮ್ದು ಚೆಂದಾಗೈತೆ. ನಮ್ಗೆ ಬರಾಕಿಲ್ಲ, ಅಷ್ಟೇಯ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಮುಖ್ಯಸ್ಥರಿಗೆ ಅದು ಸುಲಭದ ಮಾತಾಗಿ ಕೇಳಲಿಲ್ಲ. ಪಟ್ಟಣದ ವೃಂದ ತನ್ನ ಧಾಟಿಯಲ್ಲಿ ಅಚ್ಚುಕಟ್ಟಾಗಿ ಹಾಡಿದರೆ ಹಳ್ಳಿಯವರು ತಮ್ಮ ಹಬ್ಬದಲ್ಲಿ ತಾವೇ ಬಾಯಿ ಮುಚ್ಚಿ ಕುಳಿತು ಕಚೇರಿ ಕೇಳಿದಂತಾಗುತ್ತದೆ.

ಈ ಮೌನ ಹಿಂದೆ ಬಹುಕಾಲ ಇದ್ದದ್ದೇ. ಕಥೋಲಿಕ ಚರ್ಚುಗಳಲ್ಲಿ ಪೂಜೆಯ ಭಾಷೆ ಶತಮಾನಗಳ ಕಾಲ ಲ್ಯಾಟಿನ್ ಆಗಿದ್ದಿತು. ಹಳ್ಳಿಯ ರೈತನು ಅರ್ಥವಾಗದ ಪದಗಳನ್ನು ಭಕ್ತಿಯಿಂದ ಆಲಿಸುತ್ತಿದ್ದನೇ ಹೊರತು ಪೂಜೆಯಲ್ಲಿ ಅವನ ಮಾತಿಗೆ ಎಡೆ ಕಡಿಮೆ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನಭಾಷೆಗಳಿಗೆ ಬಾಗಿಲು ತೆರೆಯಿತು. ಗಾನವೃಂದಗಳು ಬೆಳೆಯಲಿ, ಆದರೆ ನೆರೆದ ಜನರೂ ಹಾಡಿನಲ್ಲಿ ಪಾಲುಗೊಳ್ಳುವಂತಿರಲಿ, ಆಯಾ ನಾಡಿನ ಸಂಗೀತಕ್ಕೆ ತಕ್ಕ ಸ್ಥಾನ ದೊರೆಯಲಿ ಎಂಬುದು ಅದರ ಆಶಯ. ಪ್ರಾಟೆಸ್ಟೆಂಟರಲ್ಲಿ ಕನ್ನಡದ ಹಾಡಿಗೆ ಅದಕ್ಕೂ ಹಿಂದೆಯೇ ಮನ್ನಣೆ ಇತ್ತು. ನಿಘಂಟಿನಿಂದ ಪ್ರಸಿದ್ಧರಾದ ಕಿಟ್ಟೆಲರು 1862ರಷ್ಟು ಹಿಂದೆಯೇ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಪದ್ಯಗಳಲ್ಲಿ ರಚಿಸಿದ್ದರು. ಪರದೇಶದ ಮಾತನ್ನು ಬಿಟ್ಟು ಕನ್ನಡಕ್ಕೆ ಬಂದ ಹಾಡು, ಪಟ್ಟಣದ ಧಾಟಿಯ ಕಾರಣದಿಂದ ಹಳ್ಳಿಯವರ ಬಾಯಿಗೆ ಮತ್ತೆ ದೂರವಾಗುವುದು ವಿಚಿತ್ರವೇ ಸರಿ.

ಮುಖ್ಯಸ್ಥರು ವೃಂದವನ್ನು ಒಂದೆಡೆ ಕರೆದು ತಮ್ಮ ವಿಚಾರ ತಿಳಿಸುತ್ತಾರೆ. ತರುಣರ ಮುಖ ಬಾಡುತ್ತದೆ. ಒಂದು ತಿಂಗಳ ಅಭ್ಯಾಸ ನೀರಿನಲ್ಲಿ ಹೋಮವಾಯಿತೆಂದು ಒಬ್ಬನು ಗೊಣಗುತ್ತಾನೆ. ಅವನ ಬೇಸರವನ್ನು ತಪ್ಪೆನ್ನಲಾಗದು. ದಿನದ ದುಡಿಮೆ ಮುಗಿಸಿ ಸಂಜೆ ಸಂಜೆ ಬಂದು ಕಲಿತವರಿಗೆ ಆ ನೋವು ಸಹಜ. ಕೊನೆಗೊಂದು ಒಪ್ಪಂದವಾಗುತ್ತದೆ. ಪ್ರವೇಶಗೀತೆ ವೃಂದದ್ದು, ಊರವರ ಹಾಡು ಊರವರ ಧಾಟಿಯಲ್ಲಿ. ಆ ಹಿರಿಯಳು ಮುಂದೆ ಹೇಳಬೇಕು, ವೃಂದ ಹಿಂದೆ ಹೇಳಬೇಕು. ಅವಳು ನಾಚಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಜೊತೆಯ ಹೆಂಗಸರು ಅವಳನ್ನು ಮುಂದಕ್ಕೆ ತಳ್ಳುತ್ತಾರೆ. ಹಾರ್ಮೋನಿಯಂ ನುಡಿಸುವವನ ಕಷ್ಟ ಬೇರೆ. ಅವಳು ಯಾವ ಮನೆಯಲ್ಲಿ ಶ್ರುತಿ ಹಿಡಿಯುವಳೆಂದು ಅವಳಿಗೇ ತಿಳಿಯದು! ಅವಳು ಹಾಡಲು ತೊಡಗಿದ ಮೇಲೆಯೇ ಅವನು ಮನೆಗಳನ್ನು ತಡವುತ್ತ ಶ್ರುತಿಯನ್ನು ಹುಡುಕಬೇಕು.

ಪೂಜೆಯ ನಡುವೆ ವಿದ್ಯುತ್ತು ಹೋಗಿ ಧ್ವನಿವರ್ಧಕ ಸುಮ್ಮನಾಗುತ್ತದೆ. ಆ ವೇಳೆಗೆ ಹಿರಿಯಳು ಮೊದಲ ಸಾಲನ್ನು ಎತ್ತಿದ್ದಾಳೆ. ಎರಡನೆಯ ಸಾಲಿನ ಕೊನೆಯಲ್ಲಿ ಅವಳ ಧಾಟಿ ಸೋಬಾನೆಯ ಪದದಂತೆ ಎಳೆದು ಬಾಗುತ್ತದೆ; ಅಲ್ಲಿ ಪಟ್ಟಣದವರು ಮೊದಲ ಸಲ ಎಡವುತ್ತಾರೆ. ಊರ ಹೆಂಗಸರು, ಹಿಂದಿನ ಗೋಡೆಗೊರಗಿ ನಿಂತ ಗಂಡಸರು, ಬಾಗಿಲಾಚೆಯ ಹುಡುಗರು ಎಡವುವುದಿಲ್ಲ. ಮೂರನೆಯ ನುಡಿಗೆ ವೃಂದದ ತಗ್ಗುದನಿಯವರು ಆ ಬಾಗನ್ನು ಹಿಡಿಯುತ್ತಾರೆ. ಗೊಣಗಿದ ತರುಣನ ದನಿಯೂ ಅದರಲ್ಲಿರುತ್ತದೆ.

ಮಧ್ಯಾಹ್ನ ಪಂಕ್ತಿಯಲ್ಲಿ ರಾಗಿಮುದ್ದೆ, ಸಾರು, ಅನ್ನ. ಪಟ್ಟಣದ ಮಕ್ಕಳು ಮುದ್ದೆಯನ್ನು ಅಗಿಯಲು ಹೋಗಿ ನಗೆಗೀಡಾಗುತ್ತಾರೆ. ನುಂಗುವ ಕ್ರಮವನ್ನು ಊರ ಮಕ್ಕಳು ತೋರಿಸಿಕೊಡುತ್ತಾರೆ. ಚಿತ್ರಾನ್ನದ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ. ತೇರು ನಿಲ್ಲುವ ಹೊತ್ತಿಗೆ ಕತ್ತಲೆ ಕವಿದಿರುತ್ತದೆ.

ಹಿಂತಿರುಗುವ ಬಸ್ಸಿನಲ್ಲಿ ಗಂಟಲು ಕಾಪಾಡಿಕೊಳ್ಳಿರೆಂದು ಈಗ ಯಾರೂ ಹೇಳುವುದಿಲ್ಲ. ಅರ್ಧದಷ್ಟು ಜನ ನಿದ್ದೆಹೋಗಿದ್ದಾರೆ. ಕಾವೇರಿಯ ಸೇತುವೆಯ ಮೇಲೆ ಒಬ್ಬ ಹುಡುಗಿ ಆ ಹಾಡನ್ನು ಊರವರ ಧಾಟಿಯಲ್ಲಿ ಗುನುಗತೊಡಗುತ್ತಾಳೆ. ಎರಡನೆಯ ಸಾಲಿನ ತಿರುವಿನಲ್ಲಿ ಅವಳಿಗೆ ತಪ್ಪುತ್ತದೆ. ಹಿಂದಿನ ಸೀಟಿನಿಂದ ಯಾರೋ ಅದನ್ನು ತಿದ್ದಿ ಹೇಳಿಕೊಡುತ್ತಾರೆ.