ಬೈಬಲ್ ಎಂದಾಗ ಯಾವ ಬೈಬಲ್?

"ಫಾದರ್, ತೊಬಿತನ ಪುಸ್ತಕ ನಮ್ಮ ಮನೆಯ ಬೈಬಲಿನಲ್ಲಿ ಇಲ್ಲವಲ್ಲ, ಪುಟ ಹರಿದುಹೋಗಿರಬಹುದೇ?" ಮದುವೆಯ ಪೂಜೆಗೆ ವಾಚನಗಳನ್ನು ಆರಿಸುವ ಯುವಕ ಯುವತಿಯರು ಗುರುಗಳಲ್ಲಿ ಕೇಳುವ ಪ್ರಶ್ನೆ ಇದು. ಮೃತರಿಗಾಗಿ ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಜ್ಞಾನಗ್ರಂಥದ ಮೂರನೆಯ ಅಧ್ಯಾಯವನ್ನು ಹುಡುಕಿ ಹುಡುಕಿ, ಕೊನೆಗೆ ಒಂದು ಕೀರ್ತನೆಯನ್ನೇ ಓದಿ ಮುಗಿಸುವುದೂ ಉಂಟು. ಪ್ರಿಯ ಓದುಗರೇ, ಪುಟ ಹರಿದಿಲ್ಲ. 'ಬೈಬಲ್' ಎಂಬ ಒಂದೇ ಪದ ಎಲ್ಲರ ಬಾಯಲ್ಲೂ ಒಂದೇ ಗ್ರಂಥವನ್ನು ಸೂಚಿಸುವುದಿಲ್ಲ, ಅಷ್ಟೆ. ಆ ಪದದ ಅರ್ಥಗಳನ್ನು ಇಂದು ಒಂದೊಂದಾಗಿ ನೋಡೋಣ.

ಪುಸ್ತಕವಲ್ಲ, ಪುಸ್ತಕಗಳು

ಇಂದಿನ ಲೆಬನಾನ್ ದೇಶದ ಕಡಲತೀರದಲ್ಲಿ ಬಿಬ್ಲೋಸ್ ಎಂಬ ಪ್ರಾಚೀನ ರೇವುಪಟ್ಟಣವಿತ್ತು. ಈಜಿಪ್ಟಿನಲ್ಲಿ ಬೆಳೆಯುವ ಪಪೈರಸ್ ಜೊಂಡಿನಿಂದ ಮಾಡಿದ ಬರೆಯುವ ಹಾಳೆ ಈ ಊರಿನ ಮೂಲಕ ಗ್ರೀಕರಿಗೆ ತಲುಪುತ್ತಿತ್ತು. ಆ ಹಾಳೆಯ ಸುರುಳಿಗೆ ಗ್ರೀಕರು 'ಬಿಬ್ಲಿಯೋನ್' ಎಂದರು. ಅದರ ಬಹುವಚನವೇ 'ಬಿಬ್ಲಿಯ', ಅಂದರೆ ಪುಸ್ತಕಗಳು. ನಜರೇತಿನ ಸಭಾಮಂದಿರದಲ್ಲಿ ಯೇಸುಸ್ವಾಮಿಯ ಕೈಗೆ ಯೆಶಾಯನ ಸುರುಳಿಯನ್ನು ಕೊಟ್ಟರೆಂದು ಹೇಳುವಾಗ ಸಂತ ಲೂಕರು ಬಳಸಿರುವ ಪದವೂ 'ಬಿಬ್ಲಿಯೋನ್'.

ಮುಂದೆ ಲ್ಯಾಟಿನ್ ಭಾಷೆಯಲ್ಲಿ 'ಬಿಬ್ಲಿಯ' ಎಂಬ ಬಹುವಚನವನ್ನು ಜನರು ಏಕವಚನವೆಂದೇ ತಿಳಿದು ಬಳಸತೊಡಗಿದರು. ಹೀಗೆ 'ಪುಸ್ತಕಗಳು' ಹೋಗಿ 'ಪುಸ್ತಕ'ವಾಯಿತು. ಆದರೆ ಮೊದಲಿನ ಅರ್ಥವನ್ನು ಮರೆಯಬಾರದು. ಬೈಬಲ್ ಒಂದು ಗ್ರಂಥಾಲಯ. ಅಲ್ಲಿ ಇತಿಹಾಸವಿದೆ, ಹಾಡಿದೆ, ಗಾದೆಯಿದೆ, ಪತ್ರವಿದೆ, ಕಾನೂನಿದೆ. ಪತ್ರವನ್ನು ಓದಿದಂತೆ ಹಾಡನ್ನು ಓದಿದರೆ ಅರ್ಥ ತಪ್ಪುತ್ತದೆ.

ಯೆಹೂದ್ಯರ ಬೈಬಲ್

ಯೆಹೂದ್ಯ ಬಂಧುಗಳ ಬೈಬಲಿನಲ್ಲಿ ಹೊಸ ಒಡಂಬಡಿಕೆ ಇಲ್ಲ. ತೋರಾ ಅಂದರೆ ಧರ್ಮಶಾಸ್ತ್ರ, ನೆವಿಯೀಮ್ ಅಂದರೆ ಪ್ರವಾದಿಗಳು, ಕೆತುವೀಮ್ ಅಂದರೆ ಇತರ ಬರಹಗಳು; ಈ ಮೂರರ ಮೊದಲಕ್ಷರಗಳನ್ನು ಸೇರಿಸಿ ಅದನ್ನು 'ತನಖ್' ಎನ್ನುತ್ತಾರೆ. ಅವರ ಎಣಿಕೆಯಲ್ಲಿ 24 ಪುಸ್ತಕಗಳು. ಅವೇ ಬರಹಗಳನ್ನು ಬಿಡಿಸಿ ಎಣಿಸಿದಾಗ 39 ಆಗುತ್ತವೆ. ಸಮುವೇಲನ ಎರಡು ಗ್ರಂಥಗಳು ಅವರಿಗೆ ಒಂದು. ಹನ್ನೆರಡು ಕಿರು ಪ್ರವಾದಿಗಳೂ ಒಂದೇ ಪುಸ್ತಕ. ನಾವು 'ಹಳೆಯದು' ಎನ್ನುವ ಒಡಂಬಡಿಕೆ ಅವರ ಪಾಲಿಗೆ ಹಳೆಯದಲ್ಲ, ಅದೇ ಪೂರ್ಣ. ಯೇಸುಸ್ವಾಮಿ ಬಾಲ್ಯದಿಂದ ಕೇಳಿ ಬೆಳೆದದ್ದು ಈ ಪವಿತ್ರ ಬರಹಗಳನ್ನೇ.

73 ಮತ್ತು 66

ಈಗ ತೊಬಿತನ ವಿಷಯಕ್ಕೆ ಬರೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಹೀಬ್ರೂ ಗ್ರಂಥಗಳು ಗ್ರೀಕ್ ಭಾಷೆಗೆ ಬಂದವು. ಆದಿಸಭೆ ಹೆಚ್ಚಾಗಿ ಬಳಸಿದ್ದು ಈ ಗ್ರೀಕ್ ಸಂಗ್ರಹವನ್ನು. ತೊಬಿತ, ಜೂಡಿತ, ಮಕ್ಕಬಿಯರ ಎರಡು ಗ್ರಂಥಗಳು, ಜ್ಞಾನಗ್ರಂಥ, ಸಿರಾಖ, ಬಾರೂಕ ಎಂಬ ಏಳು ಪುಸ್ತಕಗಳು ಅದರಲ್ಲಿದ್ದವು. ಇವುಗಳ ಬಗ್ಗೆ ಸಂತ ಜೆರೋಮರಂಥ ಪಂಡಿತರಿಗೇ ಹಿಂಜರಿಕೆಯಿತ್ತು. ಹಾಗಿದ್ದೂ ಅವರು ತೊಬಿತ, ಜೂಡಿತ ಗ್ರಂಥಗಳನ್ನು ಲ್ಯಾಟಿನ್ನಿಗೆ ಅನುವಾದಿಸಿದರು. 397ರ ಕಾರ್ಥೇಜ್ ಸಭೆ ಈ ಪುಸ್ತಕಗಳನ್ನು ಪಟ್ಟಿಯಲ್ಲಿ ಸೇರಿಸಿತು. ಮಾರ್ಟಿನ್ ಲೂಥರ್ 1534ರ ತಮ್ಮ ಜರ್ಮನ್ ಬೈಬಲಿನಲ್ಲಿ ಅವುಗಳನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟರು. 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆ ಕಥೋಲಿಕರ ಪಟ್ಟಿಯನ್ನು ಅಧಿಕೃತವಾಗಿ ಘೋಷಿಸಿತು: ಹಳೆಯ ಒಡಂಬಡಿಕೆಯಲ್ಲಿ ಇಂದಿನ ಎಣಿಕೆಯಂತೆ 46, ಹೊಸದರಲ್ಲಿ 27, ಒಟ್ಟು 73. ಪ್ರೊಟೆಸ್ಟೆಂಟ್ ಬಂಧುಗಳದ್ದು 39 ಮತ್ತು 27, ಒಟ್ಟು 66. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಪಟ್ಟಿ ಇನ್ನೂ ಉದ್ದ. ಇಥಿಯೋಪಿಯದವರು 81 ಎಣಿಸುತ್ತಾರೆ.

ಇದರ ಪರಿಣಾಮ ಕನ್ನಡದ ಮೇಲೂ ಆಯಿತು. ಲಂಡನ್ನಿನ ಬೈಬಲ್ ಸೊಸೈಟಿ 1826ರಲ್ಲಿ, ಈ ಹೆಚ್ಚುವರಿ ಪುಸ್ತಕಗಳನ್ನು ಅಚ್ಚು ಹಾಕಲು ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಕನ್ನಡದ ಮೊದಲ ಸಂಪೂರ್ಣ ಬೈಬಲ್ ಹೊರಬಂದದ್ದು 1831ರಲ್ಲಿ. ಕನ್ನಡ ನಾಡು ಅವರಿಗೆ ಋಣಿಯಾಗಿರಬೇಕು. ಆದರೆ ಆ ಪರಂಪರೆಯ ಬೈಬಲಿನಲ್ಲಿ ತೊಬಿತನನ್ನು ಹುಡುಕಿದರೆ ಸಿಗಲಾರದು.

ಒಂದು ಸ್ವಾರಸ್ಯವನ್ನು ಗಮನಿಸಿ. ಮಕ್ಕಬಿಯರ ಮೊದಲನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಮಹಾಯಾಜಕ ಯೋನಾತಾನನು ಸ್ಪಾರ್ಟದವರಿಗೆ ಪತ್ರ ಬರೆಯುತ್ತಾನೆ. ಕಷ್ಟಕಾಲದಲ್ಲಿ ನಮಗೆ ಸಾಂತ್ವನ ಕೊಡಲು ನಮ್ಮ ಕೈಯಲ್ಲಿ ಪವಿತ್ರ ಪುಸ್ತಕಗಳಿವೆ ಎಂಬುದು ಅವನ ಮಾತಿನ ಸಾರಾಂಶ. ಅಲ್ಲಿನ ಗ್ರೀಕ್ ಪದ 'ಬಿಬ್ಲಿಯ'. ಪವಿತ್ರ ಗ್ರಂಥಗಳಿಗೆ ನಮ್ಮ ಈ ಪದವನ್ನು ಬಳಸಿದ ಹಳೆಯ ಉದಾಹರಣೆಗಳಲ್ಲಿ ಒಂದು ಸಿಗುವುದು, ಅನೇಕರ ಬೈಬಲಿನಲ್ಲಿ ಇಲ್ಲದ ಪುಸ್ತಕದಲ್ಲಿ!

ಪುರಾಣ, ವೇದ, ಪವಿತ್ರ ಪುಸ್ತಕ

ನಮ್ಮ ಕರಾವಳಿಯಲ್ಲಿ ಪವಿತ್ರ ಗ್ರಂಥಕ್ಕೆ ಬೇರೆ ಹೆಸರುಗಳೂ ಬಂದಿವೆ. ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್ ಗೋವೆಯಲ್ಲಿ ಬರೆದು 1616ರಲ್ಲಿ ಅಚ್ಚಾದ 'ಕ್ರಿಸ್ತ ಪುರಾಣ'ದಲ್ಲಿ ಹಳೆಯ ಒಡಂಬಡಿಕೆಯ ಕಥೆ ಮೊದಲನೆಯ ಪುರಾಣ, ಯೇಸುಸ್ವಾಮಿಯ ಕಥೆ ಎರಡನೆಯ ಪುರಾಣ. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಪ್ರೊಟೆಸ್ಟೆಂಟ್ ಬಂಧುಗಳು 'ಸತ್ಯವೇದ' ಎನ್ನುತ್ತಾರೆ. ಕೊಂಕಣಿ ಮನೆಗಳಲ್ಲಿ ಅದು 'ಪವಿತ್ರ್ ಪುಸ್ತಕ್'. ವೇದ, ಪುರಾಣ ಎಂಬ ಪದಗಳು ನೆರೆಯ ಹಿಂದೂ ಬಂಧುಗಳಿಗೂ ಪವಿತ್ರವಾದವು. ಎರವಲು ತಂದ ಪದವನ್ನು ಗೌರವದಿಂದ ಬಳಸೋಣ. ಅದನ್ನು ಹಿಡಿದು ವಾದಕ್ಕೆ ಇಳಿಯುವುದು ಬೇಡ.

ಲೌಕಿಕ ಅರ್ಥವೂ ಒಂದಿದೆ. ಮಣಿಪಾಲದಲ್ಲಿ ವೈದ್ಯಕೀಯ ಓದುವ ಹುಡುಗರು ದಪ್ಪ ಪಠ್ಯಪುಸ್ತಕವೊಂದನ್ನು ತೋರಿಸಿ "ಇದೇ ನಮ್ಮ ಬೈಬಲ್" ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಸಂಶಯ ಬಂದಾಗ ನೋಡುವ, ನಂಬುವ ಪುಸ್ತಕ ಎಂದು ಅದರ ಅರ್ಥ. ಅವರು ಆ ಪುಸ್ತಕವನ್ನು ದಿನವೂ ತೆರೆಯುತ್ತಾರೆ. ನಾವು?

ಮನೆಯಲ್ಲಿ ಏನು ಮಾಡಬೇಕು?

ಉಡುಪಿ, ಕಾಪು, ಕಾರ್ಕಳದ ಕಡೆ ಕಥೋಲಿಕರೂ ಸಿ.ಎಸ್.ಐ. ಬಂಧುಗಳೂ ಅಕ್ಕಪಕ್ಕದಲ್ಲಿ ಬಾಳುತ್ತಾರೆ. ಮದುವೆಯ ಸಂಬಂಧವೂ ಬೆಳೆಯುತ್ತದೆ. ಸೊಸೆ ತವರಿನಿಂದ 66 ಪುಸ್ತಕಗಳ ಸತ್ಯವೇದವನ್ನು ತಂದರೆ "ಇದು ನಮ್ಮದಲ್ಲ" ಎಂದು ಬದಿಗಿಡಬೇಡಿ. ಅದರಲ್ಲಿರುವ ಪ್ರತಿಯೊಂದು ಪುಸ್ತಕವೂ ನಮ್ಮ ಬೈಬಲಿನಲ್ಲಿ ಇದೆ. ಹಾಗೆಂದು ನಮ್ಮ ಏಳನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. ನವದಂಪತಿಗಳ ಪ್ರಾರ್ಥನೆಯನ್ನು ತೊಬಿತನ ಗ್ರಂಥ ಕಲಿಸುತ್ತದೆ. ಅಗಲಿದವರಿಗಾಗಿ ಪ್ರಾರ್ಥಿಸುವ ನಮ್ಮ ಸಂಪ್ರದಾಯಕ್ಕೆ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ ಆಧಾರ. 73 ಪುಸ್ತಕಗಳಿರುವ ಒಂದು ಕನ್ನಡ ಬೈಬಲನ್ನೂ ಮನೆಗೆ ತನ್ನಿ. ಎರಡೂ ಪಕ್ಕಪಕ್ಕದಲ್ಲಿ ಇರಲಿ.

ಕೊನೆಯದಾಗಿ, ಬೈಬಲ್ ಮತ್ತು ದೇವರ ವಾಕ್ಯ ಇವೆರಡನ್ನೂ ಕಾಗದದಲ್ಲೇ ಮುಗಿಸಬಾರದು. ಸಂತ ಯೊವಾನ್ನರ ಶುಭಸಂದೇಶದಲ್ಲಿ ವಾಕ್ಯವೆಂದರೆ ಮನುಷ್ಯನಾಗಿ ಬಂದ ಯೇಸುಸ್ವಾಮಿ. ಪುಸ್ತಕದ ಮೂಲಕ ಆ ಜೀವಂತ ವಾಕ್ಯವನ್ನು ನಾವು ಕೇಳುತ್ತೇವೆ. 2019ರಲ್ಲಿ ಜಗದ್ಗುರು ಫ್ರಾನ್ಸಿಸ್ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಸಾರಿದರು. ಅದು ಜನವರಿಯ ಕೊನೆಗೆ, ಅತ್ತೂರು ಜಾತ್ರೆಯ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ಅತ್ತೂರಿಗೆ ಹೋಗುವ ಕುಟುಂಬ ಹರಕೆಯ ಮೇಣದಬತ್ತಿಯೊಂದಿಗೆ ದಿನಕ್ಕೊಂದು ಅಧ್ಯಾಯ ಓದುವ ನಿರ್ಧಾರವನ್ನೂ ಮಾಡಲಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಬೈಬಲಿನಲ್ಲಿ ಎಷ್ಟು ಪುಸ್ತಕಗಳಿವೆ? ವಿಷಯಸೂಚಿಯನ್ನು ಮಕ್ಕಳೇ ಎಣಿಸಲಿ.

2. ತೊಬಿತ 8ನೆಯ ಅಧ್ಯಾಯವನ್ನು ಗಂಡಹೆಂಡತಿ ಒಟ್ಟಿಗೆ ಓದಿರಿ. ನಾವಿಬ್ಬರೂ ಜೊತೆಯಾಗಿ ಪ್ರಾರ್ಥಿಸಿದ್ದು ಯಾವಾಗ?

3. ಬೇರೆ ಸಭೆಯ ನೆರೆಯವರೊಂದಿಗೆ ಸೇರಿ ಓದಬಹುದಾದ ಒಂದು ಕೀರ್ತನೆಯನ್ನು ಆರಿಸಿರಿ.