ಒತ್ತಕ್ಷರ ಉಳಿಯಲಿ

ನಿಮ್ಮ ಹಳೇ ಮನೆಯ ಬೀರುವಿನಲ್ಲಿ, 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ಣಾಟಕ’ದ ಸಂಚಿಕೆಯೋ ಅಜ್ಜನ ಕಾಲದ ವ್ಯಾಕರಣವೋ ಇದ್ದು, ಅದನ್ನು ಸ್ಕ್ಯಾನ್ ಮಾಡಿ ಟೆಸೆರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶದಿಂದ ಓದಿಸುವ ಮನಸ್ಸಿದ್ದರೆ ಒಂದು ಮಾತು ಕೇಳಿ. ಸ್ಕ್ಯಾನರಿನಲ್ಲೇ ಕಪ್ಪು-ಬಿಳುಪು ಆಯ್ಕೆ ಒತ್ತಬೇಡಿ. ಬಣ್ಣದ ಪ್ರತಿಯನ್ನು ಜೋಪಾನವಾಗಿಟ್ಟು, ಪರಿವರ್ತನೆಯನ್ನು ಅದರ ನಕಲಿನ ಮೇಲೆ ಮಾಡಿ. ಅಕ್ಷರದ ಮೇಲೆ ಕೆಂಪು ಮೊಹರು ಬಿದ್ದಿದ್ದರೆ, ಬಣ್ಣದ ಪ್ರತಿಯ ಕೆಂಪು ಪದರವನ್ನಷ್ಟೇ ಆರಿಸಿಕೊಂಡಾಗ ಮೊಹರು ಮಸುಕಾಗಿ ಅಕ್ಷರ ಉಳಿಯುತ್ತದೆ.

ಕಪ್ಪು-ಬಿಳುಪು ಮಾಡುವುದೆಂದರೆ ಪ್ರತಿ ಚುಕ್ಕೆಯೂ ಮಸಿಯೋ ಕಾಗದವೋ ಎಂದು ತೀರ್ಮಾನಿಸುವುದು. 1979ರಲ್ಲಿ ಜಪಾನಿನ ನೊಬುಯುಕಿ ಒತ್ಸು ಪ್ರಕಟಿಸಿದ ವಿಧಾನ, ಎಷ್ಟು ಕಪ್ಪಾಗಿದ್ದರೆ ಮಸಿಯೆನ್ನಬೇಕೆಂದು ಇಡೀ ಪುಟಕ್ಕೆ ಒಂದೇ ಗಡಿ ಹಾಕುತ್ತದೆ. ಹೊಲಿಗೆಯ ಬಳಿ ನೆರಳು ಬಿದ್ದ ಪುಟದಲ್ಲಿ ಇದು ಸೋಲುತ್ತದೆ, ಆ ಭಾಗವೆಲ್ಲ ಕಪ್ಪಾಗುತ್ತದೆ. ಅಲ್ಲಿ ಜಾಗಜಾಗಕ್ಕೂ ಬೇರೆ ಗಡಿ ಹಾಕುವ ಸವೋಲಾ ವಿಧಾನವೇ ವಾಸಿ.

ಕನ್ನಡಕ್ಕೆ ಇನ್ನಷ್ಟು ಎಚ್ಚರ ಬೇಕು. ಗಡಿ ತಪ್ಪಿದರೆ ಒತ್ತುಗಳು ಮುರಿಯುತ್ತವೆ, ಸೊನ್ನೆ ಮಸಿಯಿಂದ ತುಂಬಿಹೋಗುತ್ತದೆ, ‘ಧ’ದ ಹೊಟ್ಟೆ ಸೀಳಿದ ಗೆರೆ ಅಳಿಸಿ ‘ದ’ ಆಗಿಬಿಡುತ್ತದೆ. ಕನಿಷ್ಠ 300 ಡಿಪಿಐ ಇರಲಿ, ಸಣ್ಣ ಅಚ್ಚಿಗೆ 600. ಮೊದಲು ಒಂದೇ ಪುಟ ಪರಿವರ್ತಿಸಿ, ಹಿಗ್ಗಿಸಿ ಒತ್ತುಗಳನ್ನೇ ನೋಡಿ. ಮುರಿದಿದ್ದರೆ ಬಣ್ಣದ ಪ್ರತಿಯಿಂದ ಮಾಡಿದ ಬೂದುಬಣ್ಣದ ಪ್ರತಿಯನ್ನೇ ತಂತ್ರಾಂಶಕ್ಕೆ ಕೊಡಿ.